ಬಿಕ್ಕಳಿಕೆಗೆ ನಮ್ಮ ಮನೆಯ ಔಷಧ

ಕಳೆದ ವರ್ಷ ಯುಗಾದಿ ಮುಗಿದ ಮುಂದಿನ ಗುರುವಾರ, ಬೆಳಿಗ್ಗೆ ಎಂಟೂವರೆಗೆ, ಪುಣೆಯ ಸದಾಶಿವ ಪೇಠದ ನಮ್ಮ ಮನೆಯ ಅಡಿಗೆಕೋಣೆಯ ಬಾಗಿಲಲ್ಲಿ ನಾನು ಚಹಾ ಹಿಡಿದು ನಿಂತಿದ್ದೆ. ಒಲೆಯ ಹತ್ತಿರ ಹೆಂಡತಿ ಸುಶೀಲಾ. "ರೀ, ಎಡಗಣ್ಣಿಗೆ ಏನೂ ಕಾಣವಲ್ದು" ಎಂದಳು. ನಾನು ನಕ್ಕೆ. ನನ್ನ ಹಿಂದೆ ನಿಂತಿದ್ದ ಅವಳ ತಮ್ಮ ಭೀಮು ನಕ್ಕ. ಎದುರುಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಚಪ್ಪಾಳೆ ತಟ್ಟಿ, "ಛಾನ್ ಜಮಲಂ!" ಎಂದರು, ಚೆನ್ನಾಗಿ ಸಾಧಿಸಿದೆ ಎಂದು.

ಯಾಕೆ ನಕ್ಕೆವೆಂದು ಹೇಳಲು ಬಿಕ್ಕಳಿಕೆಯಿಂದ ಶುರು ಮಾಡಬೇಕು. ಎದೆನೋವು ಬಂದರೆ ಜನ ಡಾಕ್ಟರರನ್ನು ಕರೆಯುತ್ತಾರೆ. ಬಿಕ್ಕಳಿಕೆ ಬಂದರೆ ಎಲ್ಲರೂ ತಾವೇ ಡಾಕ್ಟರರು. ಯುಗಾದಿಗೆ ಮುಂಚೆ ಸುಶೀಲಾಳಿಗೆ ಬಿಕ್ಕಳಿಕೆ ಹತ್ತಿ ಒಂದು ವಾರ ದಾಟಿದರೂ ನಿಂತಿರಲಿಲ್ಲ, ನಡುನಡುವೆ ವಾಂತಿ ಬೇರೆ. ಓಣಿಯ ಡಾಕ್ಟರರು ಪಿತ್ತವೆಂದು ಮಾತ್ರೆ ಕೊಟ್ಟರು. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾದ ನಾನು ದಿನಕ್ಕೊಂದು ಊರಿನ ಬೆಲ್ಲ ತಂದುಕೊಟ್ಟೆ. ಯಾರೋ ನೆನೆಯುತ್ತಿದ್ದಾರೆ, ಅವರ ಹೆಸರು ಹೇಳಿದರೆ ನಿಲ್ಲುತ್ತದೆ ಎಂದರು ಕಾಕು. ನಮ್ಮ ಬಾಗಲಕೋಟೆಯ ಕಡೆಯೂ ಅದೇ ನಂಬಿಕೆ. ಬಳಗದವರೆಲ್ಲರ ಹೆಸರು ಮುಗಿದ ಮೇಲೆ ಸುಶೀಲಾ ನನ್ನ ಹೆಸರನ್ನೂ ಹೇಳಿ ನೋಡಿದಳು. ನಿಲ್ಲಲಿಲ್ಲ. "ಎದುರಿಗೇ ಕೂತು ಮರ್ತೀರಿ ಅಂದ್ರ ಏನ್ ಹೇಳಬೇಕ್ರಿ!" ಎಂದಳು.

ಆಮೇಲೆ ಹೆದರಿಸುವ ಔಷಧ. ಬೆಳ್ಳಿ ಬಟ್ಟಲು ಕದ್ದೆಯೆಂದು ಕಾಕು ಆರೋಪ ಹೊರಿಸಿದರು. ಭೋಸರಿಯ ಕಾರ್ಖಾನೆಯಲ್ಲಿರುವ ಭೀಮು ಫೋನ್ ಮಾಡಿ, ಮಶೀನಿನಲ್ಲಿ ಬೆರಳು ಹೋಯಿತೆಂದ. ಪಾಪ, ಅವಳು ಬಿಕ್ಕಳಿಸುತ್ತಲೇ ಅತ್ತಳು. ಮನೆ ಖಾಲಿ ಮಾಡಬೇಕಂತೆ ಎಂದು ನಾನೂ ಸುಳ್ಳು ಹೇಳಿದೆ. ಕೊನೆಗೊಂದು ದಿನ ಕಾಕು "ತಲೆಯ ಮೇಲೆ ಹಲ್ಲಿ!" ಎಂದು ಕೂಗಿದ್ದಕ್ಕೂ ಬಿಕ್ಕಳಿಕೆ ನಿಂತದ್ದಕ್ಕೂ ಸರಿಹೋಯಿತು. ಕೀರ್ತಿಯೆಲ್ಲ ಹಲ್ಲಿಗೆ. ಕಾಕು ರವೆಯ ಶಿರಾ ಮಾಡಿ ಹಂಚಿದರು. "ಇರ್ರಿ, ಒಂದಿನ ನಿಮಗೂ ಹಿಂಗ ಅಂಜಸ್ತೀನಿ" ಎಂದಳು ಸುಶೀಲಾ.

ಆದ್ದರಿಂದ ಗುರುವಾರ ಅವಳು ಕಣ್ಣಿನ ಮಾತು ತೆಗೆದಾಗ, ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆವು. "ಅಕ್ಕಾ, ನಾಟಕ ಭಾಳ ಛಲೋ ಆತು" ಎಂದ ಭೀಮು. ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಕಟ್ಟೆಯ ಮೇಲಿದ್ದ ಲೋಟಕ್ಕೆ ಕೈ ಚಾಚಿದಳು. ಕೈ ಲೋಟವನ್ನು ಬಿಟ್ಟು ಕಾದ ತವೆಯ ಮೇಲೆ ಬಿತ್ತು. ನಗು ಅಲ್ಲಿಗೆ ನಿಂತಿತು.

ಬಿಕ್ಕಳಿಕೆಯ ವಿಷಯವನ್ನು ನಗದೆ ಕೇಳಿದ ಮೊದಲ ಮನುಷ್ಯರು ಆಸ್ಪತ್ರೆಯ ನರರೋಗದ ಡಾಕ್ಟರರು. ರಕ್ತಪರೀಕ್ಷೆ ಬಂದ ಮೇಲೆ ವಿವರಿಸಿದರು: ರೋಗಾಣುಗಳನ್ನು ಹಿಡಿಯಲು ದೇಹ ಪ್ರತಿಕಾಯಗಳನ್ನು ಮಾಡುತ್ತದೆ, ಇವರ ದೇಹ ಮಾಡಿದ ಒಂದು ಬಗೆಯ ಪ್ರತಿಕಾಯ, ಮೆದುಳಿನ ಜೀವಕೋಶಗಳಲ್ಲಿ ನೀರು ಹಾಯುವ ಸಣ್ಣ ಬಾಗಿಲುಗಳನ್ನೇ ಶತ್ರುವೆಂದು ಹಿಡಿಯುತ್ತಿದೆ. ಮೊದಲು ಮೆದುಳಿನಲ್ಲಿ ಬಿಕ್ಕಳಿಕೆ, ವಾಂತಿಗಳನ್ನು ನಡೆಸುವ ಜಾಗಕ್ಕೆ ಪೆಟ್ಟು ಬಿತ್ತು, ಈಗ ಕಣ್ಣಿನ ನರಕ್ಕೆ. "ಹಂಗಾದ್ರ ಹಲ್ಲಿ?" ಎಂದು ಕೇಳಿಬಿಟ್ಟೆ. "ಬಿಕ್ಕಳಿಕೆ ತಾನಾಗಿಯೇ ನಿಂತದ್ದು" ಎಂದರು ಅವರು.

ಸ್ಟಿರಾಯ್ಡಿಗೆ ದೃಷ್ಟಿ ಮರಳದಾಗ, ಯಂತ್ರಕ್ಕೆ ಹಾಕಿ ರಕ್ತದ ತಿಳಿಯನ್ನು, ಅಂದರೆ ಪ್ಲಾಸ್ಮಾವನ್ನು, ತೆಗೆದು ಬೇರೆ ದ್ರವ ತುಂಬಿದರು. ತೆಗೆದದ್ದು ಚೀಲದಲ್ಲಿ ತೂಗುತ್ತಿತ್ತು, ಬೆಲ್ಲದ ಎಳೆಪಾಕದ ಬಣ್ಣ. ಅಪರಾಧಿ ಅದರಲ್ಲೇ ಇದ್ದಾನೆಂದು ಎಷ್ಟು ನೋಡಿದರೂ, ನನಗೆ ಕಂಡದ್ದು ಒಳ್ಳೇ ಮಾಲು. ಇನ್ನೊಂದು ಕಣ್ಣನ್ನು ಕಾಪಾಡಲು ಅವಳು ಈಗಲೂ ಔಷಧದ ಮೇಲಿದ್ದಾಳೆ. ಎಡಗಣ್ಣಿಗೆ ಬೆಳಕು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ.

ಅಂದು ಅಡಿಗೆಕೋಣೆಯಲ್ಲಿದ್ದವರ ಪೈಕಿ ಕಾಕು ಈ ಚಳಿಗಾಲದಲ್ಲಿ ತೀರಿಕೊಂಡರು. ಭೀಮು ಇದ್ದಾನೆ, ಆ ಮಾತು ಬಂದರೆ ಎದ್ದು ಹೋಗುತ್ತಾನೆ. ಇನ್ನು ಕೇಳುವವರಿಲ್ಲವೆಂದು, ನಾನು ನಕ್ಕದ್ದು ಸ್ವಲ್ಪವೇ ಎಂದು ಇಲ್ಲಿ ಮೊದಲು ಬರೆದಿದ್ದೆ. ಸುಶೀಲಾ ಪಕ್ಕಕ್ಕೆ ಬಂದು, ಮುಖ ಓರೆ ಮಾಡಿ ಓದಿ, ಆ ಸಾಲನ್ನು ಹೊಡೆದುಹಾಕಿಸಿದಳು.

"ನಾನೂ ಅಲ್ಲೇ ಇದ್ನಲ್ರಿ. ಬಲಗಣ್ಣು ಛಲೋನ ಇತ್ತು. ಎಲ್ಲಾರಕಿಂತ ಜಾಸ್ತಿ ನಕ್ಕವರು ನೀವ."