ಎಡ್ನಾ ರೈಲು ಹತ್ತುತ್ತಾಳೆಯೇ?

ಪಾಸ್‌ವರ್ಡು ಕೊಟ್ಟದ್ದೇ ತಪ್ಪಾಯಿತು. ಶುಕ್ರವಾರ ಮಧ್ಯಾಹ್ನ ಕುಸುಮಾವತಿ ಪಾತ್ರೆ ತೊಳೆದು, ಕುವೈತಿನ ಫರ್ವಾನಿಯಾದ ಫ್ಲಾಟಿನ ಕರ್ಟನ್ ಎಳೆದು ಟೀವಿಯ ಮುಂದೆ ಕೂತರೆ, ‘ನಿಮ್ಮ ಖಾತೆಯಲ್ಲಿ ಬೇರೊಬ್ಬರು ನೋಡುತ್ತಿದ್ದಾರೆ’ ಎಂಬ ಬರಹ. ಅಗ್ಗದ ಚಂದಾ, ಒಂದು ಸಲಕ್ಕೆ ಒಬ್ಬರೇ ನೋಡಬಹುದು.

ಇವತ್ತೇ ಆ ಬ್ರಿಟಿಷ್ ಧಾರಾವಾಹಿಯ ಕೊನೆಯ ಕಂತು, ಸಿನಿಮಾದಷ್ಟು ಉದ್ದದ್ದು. ಅವಳು ಮದುವೆಯಾಗಿ ಕುವೈತಿಗೆ ಬಂದ ವರ್ಷ ಶುರುವಾದ ಕತೆ. ಆಮೇಲೆ ಮುಂದುವರಿದ ಭಾಗಗಳೂ ಬಂದವು. ಹಳ್ಳಿಯ ಪೋಸ್ಟಾಫೀಸಿನ ಎಡ್ನಾ ನಗಿಸುತ್ತ ನಗಿಸುತ್ತಲೇ ತಟ್ಟನೆ ಟೀ ಕಪ್ಪು ಕೆಳಗಿಟ್ಟು ಕಿಟಕಿಯಾಚೆ ನೋಡುತ್ತಿದ್ದಳು. ಕುಸುಮಾವತಿಯ ಮೈ ಜುಮ್ಮೆನ್ನುತ್ತಿತ್ತು. ಸಮುದ್ರದಾಚೆಯ ಯಾವಳೋ ಒಬ್ಬಳಿಗೆ ತನ್ನೊಳಗಿನದು ಹೇಗೆ ಗೊತ್ತಾಯಿತು? ಎಡ್ನಾಳದೂ ಅವಳದೂ ಕೂದಲು ಒಟ್ಟಿಗೇ ನೆರೆಯಿತು. ಮಾತೇ ಆಡದ ಗಂಡನನ್ನು ಬಿಟ್ಟು ಎಡ್ನಾ ರೈಲು ಹತ್ತುತ್ತಾಳೋ ಇಲ್ಲವೋ, ಇವತ್ತು ಗೊತ್ತಾಗಬೇಕಿತ್ತು. “ಮತ್ತೆ ಆ ಮುದುಕಿಯದ್ದಾ?” ಎಂದು ಟೀವಿಗೆ ಬೆನ್ನು ಹಾಕಿ ಉಣ್ಣುವ ಗಂಡ ಲೋಕನಾಥನೂ ಮನೆಯಲ್ಲಿರಲಿಲ್ಲ. ತಾನು ಕೆಲಸ ಮಾಡುವ ವಫ್ರಾದ ತೋಟದಲ್ಲಿ ಪಂಪು ಕೆಟ್ಟಿತೆಂದು ರಜೆಯ ದಿನವೂ ಹೋಗಿದ್ದ.

ಹೊರಗಿನವರಲ್ಲಿ ಪಾಸ್‌ವರ್ಡು ಗೊತ್ತಿದ್ದದ್ದು ಮೇಲಿನ ಮನೆಯವಳಿಗೆ ಮಾತ್ರ. ಕುಸುಮಾವತಿ ಮೆಟ್ಟಿಲು ಹತ್ತಿ ಓಡಿದಳು.

“ಬಂದ್ ಮಾಡಿ ಇಸಾಬೆಲ್ ಬಾಯಿ!”

“ನಂಗೂ ಬರ್ತಾ ಇಲ್ಲ ಮಾರಾಯ್ತಿ! ನೀವೇ ನೋಡ್ತಾ ಇದ್ದೀರಿ ಅಂತ ಬೈತಾ ಕೂತಿದ್ದೆ.” ಇಸಾಬೆಲ್ ಸ್ವರ ತಗ್ಗಿಸಿದಳು. “ಸಫೂರಾಗೆ ಒಬ್ಬಳಿಗೆ... ಹೇಳಿದ್ದೆ.”

ಇಬ್ಬರೂ ಪೊಲೀಸರ ಹಾಗೆ ಪಕ್ಕದ ಮನೆಗೆ ನುಗ್ಗಿದರು. ಮೀನು ಕಾಯಿಸುತ್ತಿದ್ದ ಸಫೂರಾ ಮಸಾಲೆಯ ಕೈಯಲ್ಲೇ ಫೋನು ತೋರಿಸಿದಳು. ಅದರಲ್ಲೂ ಅದೇ ಬರಹ.

“ಅಲ್ಲಾಹನಾಣೆ ಕುಸುಮಕ್ಕ, ನಾನು ಯಾರಿಗೂ ಕೊಟ್ಟಿಲ್ಲ!”

ಆಣೆ ಮುಗಿಯುವಷ್ಟರಲ್ಲಿ ಒಳಗೆ ಮೀನು ಕರಟಿತು.

ಕೊನೆಗೆ ಮೂವರೂ ಕುಸುಮಾವತಿಯ ಸೋಫಾದಲ್ಲಿ, ಒಂದೇ ಇಲಿಗೆ ಹೊಂಚು ಹಾಕಿದ ಬೆಕ್ಕುಗಳಂತೆ ಒಬ್ಬರ ಫೋನನ್ನು ಒಬ್ಬರು ಕಾಯುತ್ತ ಕೂತರು.

ಸಂಜೆ ಲೋಕನಾಥ ಬಂದ. ಕಣ್ಣು ಕೆಂಡದಂತಿತ್ತು.

“ಎಂತಾಯ್ತು?” ಕುಸುಮಾವತಿ ಗಾಬರಿಯಾದಳು.

“ಧೂಳು.” ಮೂಗೊರೆಸಿಕೊಂಡ. ಆಮೇಲೆ ತಡೆಯಲಾಗಲಿಲ್ಲ. “ಕೆಳಗೆ ಕಾರಲ್ಲಿ ಕೂತು ಫೋನಲ್ಲಿ ನೋಡಿದೆ, ಈಗಷ್ಟೇ ಮುಗೀತು. ಅಂತೂ ಹತ್ತಿದಳು ಮಾರಾಯ್ತಿ, ನಮ್ಮ ಎಡ್ನಾ!”

ಇಸಾಬೆಲ್ ಕಿವಿ ಮುಚ್ಚಿಕೊಂಡಳು.

“ಲೋಕಣ್ಣ, ನನ್ನ ಮೀನೂ ಹೋಯ್ತು, ಕತೆಯೂ ಖಲಾಸ್!” ಎಂದು ಸಫೂರಾ ಚೀರಿದಳು.

ಟೀವಿಯಲ್ಲಿ ಆ ಬರಹ ಹೋಗಿ ಕಂತು ಈಗ ತಾನಾಗಿ ತೆರೆದುಕೊಂಡಿತು. ಕುಸುಮಾವತಿ ಅತ್ತ ನೋಡಲಿಲ್ಲ. ಗಂಡನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಈ ಮನುಷ್ಯನ ಬೆನ್ನಿಗೂ ಕಣ್ಣಿತ್ತೇ!

“ಒಬ್ಬಳೇ ಹತ್ತಿದಳಾ?”

“ಗಂಡ ಓಡಿ ಬಂದ. ಅಷ್ಟರಲ್ಲಿ ರೈಲು ಹೊರಟಾಗಿತ್ತು.”

ಲೋಕನಾಥ ಒಳಗೆ ಹೋಗಿ, ಮದುವೆಯಾದ ಮೇಲೆ ಮೊದಲ ಸಲ ತಾನೇ ಚಾ ಮಾಡಲು ನಿಂತ. ಹಾಲೆಲ್ಲ ಉಕ್ಕಿ ಒಲೆಯ ಮೇಲೆ ಹರಿಯಿತು. ಅದನ್ನು ತಿಕ್ಕುವ ಕೆಲಸ ಕುಸುಮಾವತಿಗೇ ಉಳಿಯಿತು.