ಮಾವನವರ ವಸಡಿನ ಅಚ್ಚು

ಹದಿನೆಂಟು ವರ್ಷ ಕಂಡವರ ಬಾಯಿಗೆ ಕೈ ಹಾಕಿಯೇ ಬದುಕಿದ ಹಲ್ಲಿನ ಡಾಕ್ಟರು ನಾನು. ಮಾವನವರ ಹಲ್ಲಿನ ಸೆಟ್ಟಿಗೆ ಅಚ್ಚು ತೆಗೆಯುವುದು ಕಣ್ಣು ಮುಚ್ಚಿ ಮಾಡುವ ಕೆಲಸ ಎಂದು ಹೆಂಡತಿಯೆದುರು ಎದೆ ತಟ್ಟಿಕೊಂಡೆ.

"ಕಣ್ಣು ಬಿಟ್ಕೊಂಡೇ ಮಾಡಿ," ಎಂದಳು.

ಮಾವನವರು ನಿವೃತ್ತ ಡ್ರಿಲ್ ಮೇಷ್ಟ್ರು. ಅವರ ಒಂದು ಕೂಗಿಗೆ ಇಡೀ ಮೈದಾನ ನೆಟ್ಟಗಾಗುತ್ತಿತ್ತಂತೆ. ಕೊನೆಯ ಹಲ್ಲೂ ಬಿದ್ದ ಮೇಲೆ ಮಾತು ತೊದಲಿ, ನಾಚಿಕೆಯಿಂದ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ಕ್ಲಿನಿಕ್ಕಿಗೂ ಬರಲೊಲ್ಲರು. ಹಾಗಾಗಿ ಕ್ಲಿನಿಕ್ಕೇ ಅವರ ಅಡುಗೆಮನೆಗೆ ಹೋಯಿತು.

ಅಚ್ಚಿನ ಪುಡಿಗೆ ನೀರು ಸುರಿದು ಕಲಸಿದೆ. ಎರಡು ನಿಮಿಷ ಮೆತ್ತಗಿರಬೇಕಾದ ಹಿಟ್ಟು ಅರ್ಧ ನಿಮಿಷಕ್ಕೇ ರಬ್ಬರಾಗಿ ಚಮಚವನ್ನು ಕಚ್ಚಿ ಹಿಡಿಯಿತು.

"ಇದು ಎಂಥ ನೀರು?"

"ಅಪ್ಪನಿಗೆ ತಣ್ಣೀರು ಆಗಲ್ಲ ಅಂತ ಕಾಯಿಸಿದ್ದೆ."

ಬಿಸಿನೀರಿಗೆ ಹಿಟ್ಟು ಬೇಗ ಗಟ್ಟಿಯಾಗುತ್ತದೆಂದು ಅವಳಿಗೆ ಭಾಷಣ ಬಿಗಿಯುತ್ತಲೇ ತಣ್ಣೀರಲ್ಲಿ ಮತ್ತೆ ಕಲಸಿದೆ. ಭಾಷಣದ ಭರದಲ್ಲಿ ಅಚ್ಚು ತೆಗೆಯುವ ಲಾಳಾಕಾರದ ಟ್ರೇ ತುಂಬ ಹಿಟ್ಟು ಹೇರಿ ಮಾವನವರ ಬಾಯಿಗೆ ಒತ್ತಿದೆ. ಹೆಚ್ಚಾದದ್ದು ಉಕ್ಕಿ ಬಂದು ಅವರ ಹುರಿಮೀಸೆಯೊಳಕ್ಕೆ ನುಗ್ಗಿತು. ಮೀಸೆಗೆ ಮೊದಲೇ ವ್ಯಾಸಲೀನ್ ಸವರಬೇಕೆಂಬುದು ಕಾಲೇಜಿನ ಹುಡುಗರಿಗೂ ಗೊತ್ತು. ನನಗೆ ನೆನಪಾದದ್ದು ಹಿಟ್ಟು ಗಟ್ಟಿಯಾದ ಮೇಲೆ.

ಟ್ರೇ ಎಳೆದೆ. ಅದರ ಜೊತೆ ಮಾವನವರೂ ಎದ್ದು ಬಂದರು.

"ಅಪ್ಪಾ, ನೋಯ್ತಿದೆಯಾ?" ಎಂದಳು ಹೆಂಡತಿ.

ಅವರು ಕಣ್ಣಲ್ಲೇ ಉತ್ತರಿಸಿದರು. ಆ ಉತ್ತರ ಅಚ್ಚು ಹಾಕುವಂಥದ್ದಲ್ಲ.

ಅತ್ತೆಯವರು ಸದ್ದಿಲ್ಲದೆ ಬಟ್ಟೆ ಕತ್ತರಿಸುವ ಕತ್ತರಿ ತಂದರು. ನಾಲ್ಕು ಏಟಿಗೆ ಅಚ್ಚೂ ಬಂತು, ಮೀಸೆಯೂ ಬಂತು. ಅತ್ತೆ ಆ ಬೋಳು ತುಟಿಯನ್ನು ಬೆರಳಲ್ಲಿ ಸವರಿ, "ಮದುವೆಯ ದಿನ ಹೀಗೇ ಇದ್ರಿ," ಎಂದು ನಕ್ಕರು. ಮಾವನವರ ಕೆನ್ನೆ ಕೆಂಪಾಯಿತು.

ಆಮೇಲಿನ ಅಚ್ಚುಗಳಿಗೆ ನಾನು ಮೀಸೆಯಿಲ್ಲದ ತುಟಿಗೂ ವ್ಯಾಸಲೀನ್ ಬಳಿದೆ. ತಿಂಗಳಿಗೆ ಸೆಟ್ ಸಿದ್ಧವಾಯಿತು. ಕೂರಿಸಿದೆ. ಮಾವನವರು ಕನ್ನಡಿ ನೋಡಿದರು, ನಾಲಿಗೆ ಹೊರಳಿಸಿದರು, ಮೆಲ್ಲಗೆ "ಸಾವಧಾನ" ಎಂದರು. ಮತ್ತೆ ಜೋರಾಗಿ ಎಂದರು. ನನ್ನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಹೊಗಳಿಕೆಗೆ ಕಾದು ನಿಂತೆ.

"ಕೂತ್ಕೊಳ್ಳಿ ಅಳಿಯಂದಿರೇ," ಎಂದರು ಮಾವ. "ನಿಮ್ಮ ನಡವಳಿಕೆ ಬಗ್ಗೆ ಬಹಳ ದಿನದಿಂದ ಹೇಳಬೇಕು ಅಂತಿದ್ದೆ."

ಮುಕ್ಕಾಲು ಗಂಟೆ ಹೇಳಿದರು. ಒಂದಕ್ಷರವೂ ತೊದಲಲಿಲ್ಲ.

ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಒಂಚೂರು ಸಡಿಲ ಕೂರಿಸಿದ್ರೆ ನಿಮಗೇ ಒಳ್ಳೇದಿತ್ತು."