ಶಾಲು ಮೊದಲು, ಸಮುದ್ರ ಆಮೇಲೆ

ನಮ್ಮೂರಿನವರಿಗೆ ಸನ್ಮಾನ ಮಾಡುವ ಚಪಲ ಸ್ವಲ್ಪ ಜಾಸ್ತಿ. ಬೇರೆ ಊರುಗಳಲ್ಲಿ ಮನುಷ್ಯ ಏನಾದರೂ ಸಾಧಿಸಿ ಬಂದ ಮೇಲೆ ಶಾಲು ಹೊದಿಸುತ್ತಾರಂತೆ. ದಾವಣಗೆರೆಯಲ್ಲಿ ಅಷ್ಟು ಕಾಯುವ ತಾಳ್ಮೆ ಯಾರಿಗೂ ಇಲ್ಲ. ಹೊರಟವನು ಬಸ್ಸು ಹತ್ತುವ ಮೊದಲೇ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದಿರುತ್ತದೆ. ಹೀಗೆ ಮುಂಗಡವಾಗಿ ಸನ್ಮಾನ ಮಾಡಿಸಿಕೊಂಡವನು ಆಮೇಲೆ ಆ ಕೆಲಸ ಮಾಡದೆ ವಿಧಿಯಿಲ್ಲ. ನಾನು ಸಿಕ್ಕಿಬಿದ್ದದ್ದು ಹೀಗೇ.

ಮಂಡಿಪೇಟೆಯಲ್ಲಿ ನನ್ನದೊಂದು ಪಂಪ್‌ಸೆಟ್ಟು, ಪೈಪಿನ ಅಂಗಡಿ. ಸುತ್ತಲಿನ ಅರ್ಧ ಬೋರ್‌ವೆಲ್ಲುಗಳ ನೀರು ಮೇಲೆ ಬರುವುದು ನನ್ನಿಂದಲೇ ಎಂದು ಹೇಳಿಕೊಂಡು ತಿರುಗುವವನು ನಾನು. ಆದರೆ ನೀರು ನನ್ನ ಬಳಿ ಬರಬೇಕೇ ಹೊರತು ನಾನು ಅದರೊಳಗೆ ಹೋಗಲಾರೆ. ಹರಿಹರಕ್ಕೆ ಹೋದಾಗಲೂ ತುಂಗಭದ್ರೆಯಲ್ಲಿ ನನ್ನ ಸ್ನಾನವೆಂದರೆ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ಮಾಡುವ ಸ್ನಾನ. ಇಂಥವನಿಗೆ ಮೋಟಾರು ಕಂಪನಿಯವರು, ವ್ಯಾಪಾರ ಚೆನ್ನಾಗಿ ಮಾಡಿದ್ದೀರೆಂದು, ಪತ್ನೀಸಮೇತ ಫಿಜಿ ದೇಶದ ಒಂದು ದ್ವೀಪಕ್ಕೆ ಪ್ರವಾಸ ಕೊಟ್ಟರು. ಪೆಸಿಫಿಕ್ ಸಾಗರದ ನಡುವೆ ಗುಡ್ಡ, ಕಾಡು, ಜಲಪಾತ. ಸುತ್ತ ಹವಳದ ದಿಬ್ಬ. ಅವರು ಕಳಿಸಿದ ಬಣ್ಣದ ಹಾಳೆಯಲ್ಲಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳದಲ್ಲಿ ಮೀನು ನೋಡುತ್ತಿರುವವನ ಚಿತ್ರವಿತ್ತು. ನಮ್ಮ ವರ್ತಕರ ಸಂಘದ ಅಧ್ಯಕ್ಷರಾದ ಮೆಣಸಿನಕಾಯಿ ವ್ಯಾಪಾರಿ ರುದ್ರಪ್ಪನವರು ಅದನ್ನು ನೋಡಿ, "ನೀವೂ ಹಿಂಗೆ ತಳಕ್ಕೆ ಇಳೀತೀರೇನ್ರಿ?" ಎಂದು ಕೇಳಿದರು. ಸುತ್ತ ನಾಲ್ಕು ಜನ ಮಿರ್ಚಿ ಮಂಡಕ್ಕಿ ತಿನ್ನುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. "ಅಷ್ಟು ದೂರ ಹೋಗಿ ಇಳೀದಂಗೆ ಬರಾಕಾಗುತ್ತೇನ್ರಿ?" ಎಂದುಬಿಟ್ಟೆ.

ಮುಂದಿನ ವಾರವೇ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು: "ಸಾಗರದ ತಳ ಸ್ಪರ್ಶಿಸಲಿರುವ ದಾವಣಗೆರೆಯ ಹೆಮ್ಮೆ." ನೀಲಿ ಸಮುದ್ರದ ಮೇಲೆ ನನ್ನ ಪಾಸ್‌ಪೋರ್ಟ್ ಫೋಟೋ, ಪಕ್ಕದಲ್ಲಿ ಒಂದು ಶಾರ್ಕು. ಇಬ್ಬರಲ್ಲಿ ಶಾರ್ಕಿನ ಮುಖದಲ್ಲೇ ಕಳೆ ಹೆಚ್ಚಾಗಿತ್ತು. ಕೆಳಗೆ ಶುಭ ಕೋರುವವರ ಮುಖಗಳು ಸಾಲಾಗಿದ್ದವು. ಜೊತೆಗೆ ಹೊರಟಿದ್ದ ನನ್ನ ಹೆಂಡತಿ ಗಿರಿಜಾಳ ಮುಖಕ್ಕೆ ಮಾತ್ರ ಜಾಗ ಸಾಲದೆ ಹೋಗಿತ್ತು. ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವಳು, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಹೊಳೆಯಲ್ಲಿ ಈಜು ಕಲಿತವಳು. ಅದೇ ಸಂಜೆ ಸಂಘದವರು ನನಗೆ ಹೊದಿಸಿದ ಸನ್ಮಾನದ ಶಾಲನ್ನು ಮಡಚಿಡುತ್ತಾ, "ರೀ, ನಿಮಗೆ ಈಜೇ ಬರಲ್ಲಲ್ಲ?" ಎಂದಳು. ಸಿಲಿಂಡರ್ ಇರುತ್ತದೆ, ಸುಮ್ಮನಿರು ಎಂದೆ. "ನಮ್ಮ ಅಡಿಗೆ ಮನ್ಯಾಗೂ ಸಿಲಿಂಡರ್ ಐತೆ. ಅದರ ಧೈರ್ಯದ ಮ್ಯಾಲೆ ನೀವು ಎಂದಾದ್ರೂ ಅಡಿಗೆ ಮಾಡೀರೇನು?" ಎಂದಳು. ಇಂಥ ಮಾತಿಗೆಲ್ಲ ಉತ್ತರ ಕೊಡುತ್ತಾ ಕೂತರೆ ಸಂಸಾರ ಸಾಗುವುದಿಲ್ಲ.

ದ್ವೀಪ ಚೆಲುವಾಗಿತ್ತು ಎಂದು ಹೇಳಲೇಬೇಕು, ಆದರೆ ಕಂಪನಿಯವರು ಬೇರೆ ಬೇರೆ ಊರುಗಳಿಂದ ಕರೆತಂದಿದ್ದ ನಮ್ಮ ಡೀಲರುಗಳ ತಂಡ ಅದನ್ನು ನೋಡಿದ ಬಗೆಯೇ ಬೇರೆ. ವಿಮಾನ ನಿಲ್ದಾಣದಲ್ಲಿ ಶೇಂಗಾ ಚಟ್ನಿಪುಡಿಯನ್ನು ಅನುಮಾನದಿಂದ ಮೂಸಿ ಕಿತ್ತುಕೊಂಡರೆಂದು ಅರ್ಧ ಜನ ಮೊದಲ ದಿನ ಪೂರ್ತಿ ದುಃಖದಲ್ಲಿದ್ದರು. ಮರುದಿನ ಕಾಡಿನೊಳಗೆ, ಮುಗಿಲಿನಿಂದಲೇ ಸುರಿಯುತ್ತಿರುವಂಥ ಜಲಪಾತದ ಮುಂದೆ ನಿಲ್ಲಿಸಿದರು. ಎಲ್ಲರೂ ಕತ್ತೆತ್ತಿ ನೋಡಿದೆವು. ಆಮೇಲೆ ಚಿತ್ರದುರ್ಗದ ಡೀಲರು ನಿಟ್ಟುಸಿರುಬಿಟ್ಟು, "ಇಲ್ಲಿ ಪಂಪು ಯಾರು ತಗೋತಾರ್ರಿ ಪಾಪ" ಎಂದ. ನಾವೆಲ್ಲ ಆ ದ್ವೀಪದ ಬಗ್ಗೆ ಮರುಕಪಟ್ಟು, ಜಲಪಾತಕ್ಕೆ ಬೆನ್ನು ತಿರುಗಿಸಿ ಫೋಟೋ ತೆಗೆಸಿಕೊಂಡೆವು.

ಮೂರನೆಯ ದಿನ ದೋಣಿ. ಮುಳುಗು ಕಲಿಸುವವನು ಅಲ್ಲಿನವನೇ, ಬಾಗಿಲಷ್ಟು ಅಗಲದ ಆಳು. ಅವನು ಕೇಳಿದ್ದನ್ನು ನಮ್ಮ ಪ್ರವಾಸದ ಮ್ಯಾನೇಜರು ಕನ್ನಡದಲ್ಲಿ ಹೇಳಿದ: "ಯಾರಾದ್ರೂ ಮಾತ್ರೆ ತಗೋತೀರಾ?" ನಾನು ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ, "ಇವರಿಗೆ ಬಿಪಿ ಐತೆ. ದಿನಾ ಮಾತ್ರೆ ತಗೋತಾರೆ" ಎಂದಳು. ಮುಳುಗು ಕಲಿಸುವವನು ನನ್ನತ್ತ ನೋಡಿ, ಇಳಿಯುವಂತಿಲ್ಲ ಎಂದು ತಲೆಯಾಡಿಸಿದ. ಬಿಪಿಯನ್ನು ಇಷ್ಟು ವರ್ಷ ಬೈದುಕೊಂಡೇ ಬಂದವನು ಆ ಹೊತ್ತು ಅದಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಮುಖದಲ್ಲಿ ಮಾತ್ರ ಭಾರೀ ನಿರಾಸೆ ತಂದುಕೊಂಡೆ. "ಹಂಗಾದ್ರೆ ನಾ ಇಳೀಲೇನ್ರಿ?" ಎಂದಳು. ನಾನು ಹೂಂ ಎನ್ನುವ ಮೊದಲೇ ಬಳೆ ತೆಗೆದು ನನ್ನ ಕೈಗಿಟ್ಟಿದ್ದಳು.

ಅವಳು ನೀರಿನೊಳಗೆ ಇದ್ದಷ್ಟು ಹೊತ್ತೂ ನಾನು ಬಳೆ, ಮೊಬೈಲು, ವ್ಯಾನಿಟಿ ಬ್ಯಾಗು ಹಿಡಿದುಕೊಂಡು ಓಲಾಡುವ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿದೆ. ಪೆಸಿಫಿಕ್ ಸಾಗರಕ್ಕೆ ನನ್ನ ಕೊಡುಗೆ ಅಷ್ಟೇ. ಮೇಲೆ ಬಂದವಳ ಮುಖ ನೋಡಿದರೆ ನನಗೆ ಗುರುತೇ ಸಿಗಲಿಲ್ಲ. ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ಹೆಂಗಿತ್ತೇ?" ಎಂದೆ. "ಏನ್ ಹೇಳ್ಲಿ, ಅಲ್ಲಿ ಯಾರೂ ಮಾತಾಡಲ್ಲ. ನನ್ನ ಯಾರೂ ಏನೂ ಕೇಳಲಿಲ್ಲ. ಇನ್ನಷ್ಟು ಹೊತ್ತು ಇರಬೇಕಿತ್ತು" ಎಂದಳು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

ಊರಿಗೆ ಬಂದರೆ ಸಂಘದಲ್ಲಿ "ಅನುಭವ ಹಂಚಿಕೆ" ಕಾರ್ಯಕ್ರಮ ಸಿದ್ಧವಾಗಿತ್ತು. "ಏನಾದ್ರೂ ಹೇಳ್ಕೊಳ್ರಿ, ನಾ ಬಾಯಿ ಬಿಡಲ್ಲ" ಎಂದು ಗಿರಿಜಾ ಭರವಸೆ ಕೊಟ್ಟಿದ್ದಳು. ಮೈಕು ಹಿಡಿದು ಸಮುದ್ರ ಬಹಳ ದೊಡ್ಡದು, ಬಹಳ ನೀಲಿ ಎಂದೆಲ್ಲ ಶುರುಮಾಡಿದೆ. ಹಿಂದಿನ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಎದ್ದು, "ಅಷ್ಟು ಆಳದಾಗ ಕಿವಿ ನೋಯಲ್ವೇನ್ರಿ? ಏನ್ ಮಾಡಿದ್ರಿ?" ಎಂದು ಕೇಳಿದರು. ನಾನು ಕಿವಿ ಮುಟ್ಟಿಕೊಂಡೆ. ಹೆಂಗಸರ ಸಾಲಿನಲ್ಲಿ ಗಿರಿಜಾ, ಕೊಟ್ಟ ಮಾತಿನಂತೆ, ಬಾಯಿ ಬಿಡದೆ ಕೂತಿದ್ದಳು. "ಇಳಿದಿದ್ದು ನಾನಲ್ರಿ, ಇವಳು" ಎಂದು ಮೈಕನ್ನು ಅವಳ ಕೈಗೆ ಕೊಟ್ಟೆ.

ಅವಳು ಮೂಗು ಹಿಡಿದು ಉಸಿರು ಒತ್ತಿ ಕಿವಿ ಬಿಡಿಸಿಕೊಳ್ಳುವುದನ್ನು ಮಾಡಿ ತೋರಿಸಿದಳು. ಬೀಸಣಿಗೆಯಂಥ ಹವಳ, ಅದರ ಸಂದಿಯ ಪುಟ್ಟ ಮೀನುಗಳನ್ನೆಲ್ಲ ವಿವರಿಸಿದಳು. "ಒಂದು ಆಮೆ ನನ್ನ ಹತ್ರಾನೇ ಬಂತು. ಗಿರಾಕಿ ಅಲ್ಲ ಅಂತ ಗೊತ್ತಾಗಿ ಸುಮ್ನೆ ಹೋತು" ಎಂದಾಗ ಇಡೀ ಮಂಡಿಪೇಟೆ ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ರುದ್ರಪ್ಪನವರು ಎದ್ದು ನಿಂತರು. "ಹೆಂಡ್ತೀನ ಸಮುದ್ರಕ್ಕೆ ಇಳಿಸಿ, ತಾನು ಮ್ಯಾಲೆ ಜೀವ ಕೈಯಾಗ ಹಿಡ್ಕೊಂಡು ಕಾಯೋದು ಸಣ್ಣ ಮಾತಲ್ರಿ! ಎಂಥ ದೊಡ್ಡ ಮನಸ್ಸು!" ಎಂದು ಶಾಲನ್ನು ಬಿಡಿಸಿ ನನ್ನತ್ತ ನಡೆದು ಬಂದರು. ಬ್ಯಾಡ್ರಿ, ಇದು ಅವಳಿಗೆ ಸೇರಬೇಕಾದದ್ದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕತ್ತು ಅಭ್ಯಾಸಬಲದಿಂದ ತಾನೇ ಬಗ್ಗಿತ್ತು. ಗಿರಿಜಾಳಿಗೆ ಒಂದು ಗುಲಾಬಿ ಕೊಟ್ಟರು.

ಮನೆಗೆ ಬಂದೊಡನೆ ಅವಳು ನನ್ನ ಹೆಗಲಿನಿಂದ ಶಾಲನ್ನು ಎಳೆದುಕೊಂಡು ನೇರ ಬಚ್ಚಲಿಗೆ ಹೋದಳು. ಹೊಸ ಶಾಲು ಯಾಕೆ ಒಗೆಯುತ್ತೀ ಎಂದು ಹಿಂದೆಯೇ ಹೋದೆ. "ನೀವಂತೂ ಇಳೀಲಿಲ್ಲ. ಇದಾದ್ರೂ ಒಂದ್ಸಲ ಮುಳುಗಲಿ ಬಿಡ್ರಿ" ಎಂದು ಬಕೆಟ್ಟಿನೊಳಗೆ ಅದುಮಿದಳು. ನೀರು ಸಿಡಿದು ಮೈಮೇಲೆ ಬಿದ್ದೀತೆಂದು ನಾನು ಬಾಗಿಲಿನಾಚೆ ಸರಿದು ನಿಂತೆ.